ಮೂಗಿನ ಎನ್‌ಕೆ/ಟಿ ಸೆಲ್ ಲಿಂಫೋಮಾ: ಅಣ್ಣನಿಗೆ ಆಪರೇಷನ್ ಯಾಕೆ ಬೇಡ ಅನ್ನುತ್ತಿದ್ದಾರೆ?

ಪ್ರಶ್ನೆ: ನನ್ನ ಅಣ್ಣನಿಗೆ 47 ವರ್ಷ. ಏಳೆಂಟು ತಿಂಗಳಿಂದ ಎಡಗಡೆ ಮೂಗು ಕಟ್ಟಿಕೊಂಡಿತ್ತು. ಸೈನಸ್ ಎಂದು ಮಾತ್ರೆ, ಸ್ಪ್ರೇ ಎಲ್ಲ ಆಯಿತು. ಆಮೇಲೆ ಮೂಗಿನಿಂದ ರಕ್ತ, ಕೆಟ್ಟ ವಾಸನೆ, ಕಣ್ಣಿನ ಕೆಳಗೆ ಊತ ಶುರುವಾಯಿತು. ಎರಡು ಸಲ ಬಯಾಪ್ಸಿ ಮಾಡಿದರೂ 'ಸತ್ತ ಅಂಗಾಂಶ ಮಾತ್ರ ಇದೆ' ಎಂದು ರಿಪೋರ್ಟ್ ಬಂತು. ಅಷ್ಟರಲ್ಲಿ ಅಂಗುಳಿನಲ್ಲಿ ಸಣ್ಣ ತೂತು ಬಿದ್ದಿತು. ಮೂರನೇ ಬಯಾಪ್ಸಿಯಲ್ಲಿ 'ಎಕ್ಸ್‌ಟ್ರಾನೋಡಲ್ ಎನ್‌ಕೆ/ಟಿ ಸೆಲ್ ಲಿಂಫೋಮಾ, ನೇಸಲ್ ಟೈಪ್' ಎಂದು ಬಂದಿದೆ. ಆಪರೇಷನ್ ಬೇಡ, ಕೀಮೋ ಮತ್ತು ರೇಡಿಯೇಶನ್ ಕೊಡೋಣ ಅನ್ನುತ್ತಿದ್ದಾರೆ. ಗಡ್ಡೆ ಕಣ್ಣಿಗೇ ಕಾಣುತ್ತಿರುವಾಗ ಯಾಕೆ ತೆಗೆಯಬಾರದು? ಇದು ವೈರಸ್‌ನಿಂದ ಬರುವ ಕಾಯಿಲೆಯಂತೆ, ಮನೆಯಲ್ಲಿರುವ ಮಕ್ಕಳಿಗೆ ಹರಡುತ್ತದಾ? ಇಂಟರ್‌ನೆಟ್‌ನಲ್ಲಿ ಓದಿದರೆ ಯಾರೂ ಬದುಕುವುದೇ ಇಲ್ಲವೇನೋ ಅನ್ನಿಸುತ್ತದೆ. ಅಂಗುಳಿನ ತೂತು ಮುಚ್ಚುತ್ತದಾ? ನೀರು ಕುಡಿದರೆ ಮೂಗಿನಿಂದ ಬರುತ್ತಿದೆ.

ಉತ್ತರ: ಆಪರೇಷನ್ ಬೇಡ ಎಂದ ನಿಮ್ಮ ವೈದ್ಯರ ಮಾತು ಸರಿ. ಅದು ಕೈಚೆಲ್ಲಿ ಹೇಳಿದ ಮಾತಲ್ಲ. ಈ ಕಾಯಿಲೆಯಲ್ಲಿ ಕತ್ತಿಗಿಂತ ಔಷಧ ಮತ್ತು ರೇಡಿಯೇಶನ್ ಎಷ್ಟೋ ಚೆನ್ನಾಗಿ ಕೆಲಸ ಮಾಡುತ್ತವೆ, ಅದಕ್ಕೇ ಹಾಗೆ ಹೇಳಿದ್ದಾರೆ.

ಲಿಂಫೋಮಾ ಎಂದರೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್. ಇದು ಹೆಚ್ಚಾಗಿ ಕುತ್ತಿಗೆ, ಕಂಕುಳು, ತೊಡೆಸಂದಿನಲ್ಲಿರುವ ದುಗ್ಧಗ್ರಂಥಿಗಳಲ್ಲಿ ಗಂಟಾಗಿ ಕಾಣಿಸಿಕೊಳ್ಳುತ್ತದೆ. ನಿಮ್ಮ ಅಣ್ಣನಿಗೆ ಬಂದಿರುವ ಬಗೆ ಮಾತ್ರ ಗ್ರಂಥಿಗಳನ್ನು ಬಿಟ್ಟು ಮೂಗಿನೊಳಗೆ ಶುರುವಾಗುತ್ತದೆ. ಕೆಟ್ಟಿರುವುದು ನ್ಯಾಚುರಲ್ ಕಿಲ್ಲರ್ ಕಣಗಳು, ಅಂದರೆ ಎನ್‌ಕೆ ಕಣಗಳು. ಕೆಲವರಲ್ಲಿ ಅವುಗಳ ಹತ್ತಿರದ ನೆಂಟರಾದ ಟಿ ಕಣಗಳು. ಆರೋಗ್ಯವಂತರಲ್ಲಿ ಈ ಕಣಗಳ ಕೆಲಸವೇ ವೈರಸ್ ಹೊಕ್ಕ ಕಣಗಳನ್ನು ಹುಡುಕಿ ಕೊಲ್ಲುವುದು. ಅದಕ್ಕೆ ಬೇಕಾದ ಪರ್ಫೋರಿನ್, ಗ್ರ್ಯಾನ್‌ಜೈಮ್ ಎಂಬ ಪ್ರೋಟೀನ್‌ಗಳು ಅವುಗಳೊಳಗೆ ತುಂಬಿಕೊಂಡಿರುತ್ತವೆ. ಕಣ ಕ್ಯಾನ್ಸರ್ ಆದ ಮೇಲೂ ಈ ಸರಕು ಅಲ್ಲೇ ಇರುತ್ತದೆ. ಮೂಗಿನ ಮೂಳೆ, ಅಂಗುಳು ಇಷ್ಟು ಬೇಗ ಹಾಳಾಗಲು ಇದೂ ಒಂದು ಕಾರಣ.

ಎರಡು ಬಯಾಪ್ಸಿಯಲ್ಲಿ ಯಾಕೆ ಏನೂ ಸಿಗಲಿಲ್ಲ ಎಂದು ನೀವು ನೇರವಾಗಿ ಕೇಳಿಲ್ಲ. ಆದರೆ ಪ್ರಶ್ನೆಯಲ್ಲಿ ಆ ನೋವು ಕಾಣುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇದರ ಉತ್ತರ ಸಿಗುತ್ತದೆ. ಈ ಕಣಗಳಿಗೆ ಸಣ್ಣ ರಕ್ತನಾಳಗಳ ಮೇಲೆ ವಿಚಿತ್ರ ಒಲವು. ನಾಳದ ಸುತ್ತ ಮುತ್ತಿಕೊಂಡು ಅದರ ಗೋಡೆಯೊಳಗೆ ನುಗ್ಗುತ್ತವೆ, ಗೋಡೆಯನ್ನು ಒಡೆಯುತ್ತವೆ. ನಾಳ ಮುಚ್ಚಿಹೋಗುತ್ತದೆ. ಅದರಿಂದ ರಕ್ತ ಪಡೆಯುತ್ತಿದ್ದ ಜಾಗವೆಲ್ಲ ಸಾಯುತ್ತದೆ. ಹೀಗೆ ಸತ್ತ ಪದರವೇ ಮೇಲೆ ಹಕ್ಕಳೆಯಾಗಿ ಕೂರುತ್ತದೆ, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದು ವಾಸನೆ ಬರುತ್ತದೆ. ಬಯಾಪ್ಸಿಯ ಚಿಮಟ ಮೇಲಿನಿಂದ ಕಿತ್ತರೆ ಸಿಗುವುದು ಬರೀ ಈ ಸತ್ತ ಪದರ. ಜೀವಂತ ಕ್ಯಾನ್ಸರ್ ಕಣಗಳು ಅದರ ಅಡಿಯಲ್ಲಿ, ಅಂಚಿನಲ್ಲಿ ಇರುತ್ತವೆ. ಇನ್ನೂ ಒಂದು ತೊಡಕಿದೆ. ಈ ಕಣಗಳ ಜೊತೆ ಸಾಮಾನ್ಯ ಉರಿಯೂತದ ಕಣಗಳೂ ದಂಡಿಯಾಗಿ ಬೆರೆತಿರುತ್ತವೆ. ಕ್ಯಾನ್ಸರ್ ಕಣಗಳು ಕೆಲವೊಮ್ಮೆ ಚಿಕ್ಕದಾಗಿ, ನೋಡಲು ಸಾಧುವಾಗಿಯೇ ಇರುತ್ತವೆ. ಬರೀ ಕಣ್ಣಂದಾಜಿನಲ್ಲಿ 'ಹಳೇ ಸೋಂಕು' ಎಂದು ಬರೆಯುವುದು ಬಹಳ ಸುಲಭ.

ಹಾಗಾಗಿ ಈ ಕಾಯಿಲೆಯಲ್ಲಿ ಎರಡನೇ, ಮೂರನೇ ಬಯಾಪ್ಸಿ ಬೇಕಾಗುವುದು ಅಪರೂಪವಲ್ಲ. ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು ಹೇಳಿಬಿಡುತ್ತೇನೆ. ಒಂದೇ ಕಡೆಯ ಮೂಗು ವಾರಗಟ್ಟಲೆ ಕಟ್ಟಿಕೊಂಡಿದೆ, ರಕ್ತ ಬರುತ್ತಿದೆ, ಮುಖ ಊದುತ್ತಿದೆ, ಔಷಧಕ್ಕೆ ಬಗ್ಗುತ್ತಿಲ್ಲ ಎಂದಾದರೆ, 'ಸತ್ತ ಅಂಗಾಂಶ' ಎಂಬ ರಿಪೋರ್ಟ್ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಇನ್ನೂ ಆಳದಿಂದ, ನಾಲ್ಕಾರು ಕಡೆಯಿಂದ ತುಂಡು ತೆಗೆದು ಮತ್ತೆ ನೋಡಿ ಎಂದು ಕೇಳಿ. ಲಿಂಫೋಮಾ ಅನುಮಾನವಿದೆ ಎಂದು ಪೆಥಾಲಜಿಸ್ಟ್‌ಗೆ ಕಳಿಸುವ ಚೀಟಿಯಲ್ಲೇ ಬರೆಯಿಸಿ. ಸ್ಟೀರಾಯ್ಡ್ ಕೊಟ್ಟಾಗ ಊತ ಸ್ವಲ್ಪ ಇಳಿಯುತ್ತದೆ, ವಾಸಿಯಾಗುತ್ತಿದೆ ಅನ್ನಿಸುತ್ತದೆ. ಅದು ತಾತ್ಕಾಲಿಕ. ಮಾತ್ರೆ ನಿಂತ ಕೂಡಲೇ ಮೊದಲಿಗಿಂತ ಜಾಸ್ತಿಯಾಗಿ ಬರುತ್ತದೆ.

ಈಗ ನಿಮ್ಮ ಕೈಯಲ್ಲಿರುವ ರಿಪೋರ್ಟ್ ತೆಗೆದು ನೋಡಿ. ಅದರಲ್ಲಿ ಸಿಡಿ3, ಸಿಡಿ56, ಗ್ರ್ಯಾನ್‌ಜೈಮ್ ಬಿ ಅಥವಾ ಟಿಐಎ-1 ಎಂಬ ಹೆಸರುಗಳು ಇರಬೇಕು. ಕಣ ಯಾವ ಬಗೆಯದೆಂದು ಗುರುತಿಸಲು ನೋಡುವ ಪ್ರೋಟೀನ್‌ಗಳಿವು. ಎಲ್ಲಕ್ಕಿಂತ ಮುಖ್ಯವಾದದ್ದು 'ಎಬರ್' ಪರೀಕ್ಷೆ. ಎಪ್‌ಸ್ಟೀನ್-ಬಾರ್ ವೈರಸ್, ಚಿಕ್ಕದಾಗಿ ಇಬಿವಿ, ಕಣದೊಳಗೆ ಇದ್ದರೆ ಈ ಪರೀಕ್ಷೆಯಲ್ಲಿ ಕಣದ ಕೇಂದ್ರ ಗಾಢ ಬಣ್ಣ ಹಿಡಿಯುತ್ತದೆ. ಈ ಲಿಂಫೋಮಾದಲ್ಲಿ ಅದು ಪಾಸಿಟಿವ್ ಇರಲೇಬೇಕು ಎನ್ನುವಷ್ಟು ಗಟ್ಟಿ ಸಂಬಂಧವಿದೆ. ಎಬರ್ ಮಾಡಿಲ್ಲದಿದ್ದರೆ ಮಾಡಿಸಿ. ನೆಗೆಟಿವ್ ಬಂದಿದ್ದರೆ ಸ್ಲೈಡ್‌ಗಳನ್ನು ಲಿಂಫೋಮಾ ನೋಡಿ ಪಳಗಿದ ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸಿ. ಇದು ಸುಮ್ನೆ ಹೇಳುವ ಎಚ್ಚರಿಕೆಯಲ್ಲ. ಮೂಗು, ಅಂಗುಳು ಕರಗುವ ಕಾಯಿಲೆಗಳು ಬೇರೆಯೂ ಇವೆ. ಬ್ಲ್ಯಾಕ್ ಫಂಗಸ್ ಎಂದು ಜನ ಕರೆಯುವ ಮ್ಯೂಕರ್ ಸೋಂಕಿಗೆ ತಕ್ಷಣ ಆಪರೇಷನ್ ಮತ್ತು ಶಿಲೀಂಧ್ರನಾಶಕ ಬೇಕು. ರಕ್ತನಾಳಗಳ ಉರಿಯೂತವಾದ ಜಿಪಿಎ ಎಂಬ ಕಾಯಿಲೆಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಬೇಕು. ಕ್ಷಯವೂ ಹೀಗೆ ಕಾಣಬಹುದು, ಮೂಗಿನಲ್ಲೇ ಬರುವ ಬಿ ಸೆಲ್ ಲಿಂಫೋಮಾ ಕೂಡ. ಒಂದರ ಚಿಕಿತ್ಸೆ ಇನ್ನೊಂದಕ್ಕೆ ಆಗುವುದಿಲ್ಲ.

ವೈರಸ್ ವಿಚಾರಕ್ಕೆ ಬರೋಣ. ಇಬಿವಿ ಹೊಸ ವೈರಸ್ ಅಲ್ಲ, ಅಪರೂಪದ್ದೂ ಅಲ್ಲ. 1964ರಲ್ಲಿ ಇದನ್ನು ಕಂಡುಹಿಡಿದರು. ಎಂಜಲಿನಿಂದ ಹರಡುತ್ತದೆ. ಪ್ರಪಂಚದ ವಯಸ್ಕರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿಯ ಮೈಯಲ್ಲಿ ಇದು ಈಗಾಗಲೇ ಇದೆ. ಬಹುಶಃ ನಿಮ್ಮಲ್ಲೂ ಇದೆ, ನನ್ನಲ್ಲೂ ಇದೆ. ಹೆಚ್ಚಿನವರಿಗೆ ಚಿಕ್ಕವರಿದ್ದಾಗ ಬಂದು ಜ್ವರದ ಹಾಗೆ ಹೋಗಿರುತ್ತದೆ, ಬಂದದ್ದೂ ಗೊತ್ತಾಗಿರುವುದಿಲ್ಲ. ಆಮೇಲೆ ಜೀವನಪೂರ್ತಿ ಸದ್ದಿಲ್ಲದೆ ಒಳಗೆ ಉಳಿಯುತ್ತದೆ. ತೀರಾ ಅಪರೂಪಕ್ಕೆ ಯಾರೋ ಕೆಲವರಲ್ಲಿ ಮಾತ್ರ ಈ ವೈರಸ್ ಹೊಕ್ಕ ಎನ್‌ಕೆ ಕಣ ದಾರಿ ತಪ್ಪುತ್ತದೆ. ಆದ್ದರಿಂದ ಅಣ್ಣನಿಂದ ಮಕ್ಕಳಿಗೆ ಕ್ಯಾನ್ಸರ್ ಹರಡುವುದಿಲ್ಲ. ಅವರ ತಟ್ಟೆ ಲೋಟ ಬೇರೆ ಇಡಬೇಕಿಲ್ಲ. ಮಕ್ಕಳು ಅವರ ಪಕ್ಕದಲ್ಲಿ ಮಲಗಬಹುದು, ಅಪ್ಪಿಕೊಳ್ಳಬಹುದು. ಇಂಥ ಹೊತ್ತಿನಲ್ಲಿ ಮನೆಯವರು ದೂರ ಸರಿದರೆ ರೋಗಿ ಎಷ್ಟು ಕುಗ್ಗುತ್ತಾರೆ ಎಂದು ನಾನು ಬೇರೆ ಹೇಳಬೇಕಿಲ್ಲ, ಅಲ್ವಾ? ಕೀಮೋದಿಂದ ರಕ್ತಕಣ ಇಳಿದ ದಿನಗಳಲ್ಲಿ ಮಾತ್ರ ನೆಗಡಿ ಜ್ವರ ಇರುವವರು ಅಣ್ಣನಿಂದ ದೂರ ಇರಬೇಕು. ಅದು ಅವರ ರಕ್ಷಣೆಗೆ.

ತಂದೆ ತಾಯಿಯಿಂದ ಮಕ್ಕಳಿಗೆ ಬರುವ ಕಾಯಿಲೆಯೂ ಇದಲ್ಲ. ಪೂರ್ವ ಏಷ್ಯಾದ ಚೀನಾ, ಜಪಾನ್, ಕೊರಿಯಾಗಳಲ್ಲಿ, ಮಧ್ಯ ಮತ್ತು ದಕ್ಷಿಣ ಅಮೆರಿಕದ ಮೂಲನಿವಾಸಿಗಳ ವಂಶಸ್ಥರಲ್ಲಿ ಇದು ಹೆಚ್ಚು ಕಾಣುತ್ತದೆ. ಯುರೋಪಿನಲ್ಲಿ ಬಹಳ ಕಡಿಮೆ. ಹಾಗಾಗಿ ವಂಶವಾಹಿಗಳದ್ದೂ ಸ್ವಲ್ಪ ಪಾತ್ರವಿದೆ ಎಂದು ಕಂಡುಬಂದಿದೆ. ಗಂಡಸರಲ್ಲಿ ಹೆಂಗಸರಿಗಿಂತ ಹೆಚ್ಚು, ನಡುವಯಸ್ಸಿನಲ್ಲಿ ಹೆಚ್ಚು. ಆದರೆ ಒಬ್ಬರಿಗೆ ಬಂತೆಂದು ಮನೆಯ ಉಳಿದವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳುವ ಅಗತ್ಯ ಇಲ್ಲ. ಅಣ್ಣ ಏನು ತಿಂದರು, ಏನು ತಪ್ಪು ಮಾಡಿದರು ಎಂದು ಹುಡುಕುವುದನ್ನೂ ಬಿಟ್ಟುಬಿಡಿ. ಅವರು ಮಾಡಿದ ಯಾವುದರಿಂದಲೂ ಇದು ಬಂದಿಲ್ಲ.

ಇಂಟರ್‌ನೆಟ್‌ನಲ್ಲಿ ಓದಿ ಹೆದರಿದ್ದೀರಿ. ಅಲ್ಲಿ ಇರುವುದರಲ್ಲಿ ಬಹಳಷ್ಟು ಹಳೆಯದು. 1897ರಲ್ಲಿ ಎಡಿನ್‌ಬರೋದ ಪೀಟರ್ ಮೆಕ್‌ಬ್ರೈಡ್ ಎಂಬ ವೈದ್ಯರು ಮೂಗು, ಮುಖ ಬೇಗಬೇಗ ನಾಶವಾದ ಒಬ್ಬ ರೋಗಿಯ ಬಗ್ಗೆ ಬರೆದರು. ಆಮೇಲೆ ದಶಕಗಳ ಕಾಲ ಇದನ್ನು 'ಲೀಥಲ್ ಮಿಡ್‌ಲೈನ್ ಗ್ರ್ಯಾನುಲೋಮಾ' ಎಂದೇ ಕರೆದರು. ಪ್ರಾಣ ತೆಗೆಯುತ್ತದೆ ಎನ್ನುವುದು ಹೆಸರಿನಲ್ಲೇ ಇತ್ತು. ಆಗ ಇದು ಕ್ಯಾನ್ಸರ್ರೋ ಸೋಂಕೋ ಎಂಬುದೇ ತೀರ್ಮಾನವಾಗಿರಲಿಲ್ಲ. 1990ರಲ್ಲಿ ಜಪಾನಿನ ಸಂಶೋಧಕರು ಈ ಗಡ್ಡೆಗಳಲ್ಲಿ ಇಬಿವಿ ಇರುವುದನ್ನು ತೋರಿಸಿದರು. ಅಲ್ಲಿಂದ ಮುಂದೆ ಚಿತ್ರ ಸ್ಪಷ್ಟವಾಗುತ್ತಾ ಬಂತು. ಆದರೆ ಕಾಯಿಲೆ ಯಾವುದೆಂದು ತಿಳಿದ ಮೇಲೂ ಚಿಕಿತ್ಸೆ ಸೋಲುತ್ತಲೇ ಇತ್ತು. ಯಾಕೆ ಎನ್ನುವುದನ್ನು ನೀವು ತಿಳಿದುಕೊಳ್ಳಲೇಬೇಕು. ನಿಮ್ಮ ಅಣ್ಣನ ಚಿಕಿತ್ಸೆಯಲ್ಲಿ ನೀವು ಕೇಳಬೇಕಾದ ಅತಿ ಮುಖ್ಯ ಪ್ರಶ್ನೆ ಇದರಲ್ಲಿದೆ.

ಬೇರೆ ಲಿಂಫೋಮಾಗಳಿಗೆ ಬಹುಕಾಲದಿಂದ ಕೊಡುತ್ತಿರುವ ಕೀಮೋದ ಹೆಸರು ಚಾಪ್. ಅದರ ಮುಖ್ಯ ಬಲ ಡಾಕ್ಸೊರುಬಿಸಿನ್ ಮತ್ತು ವಿನ್‌ಕ್ರಿಸ್ಟಿನ್. ಈ ಲಿಂಫೋಮಾದ ಕಣಗಳ ಹೊರಪೊರೆಯಲ್ಲಿ ಪಿ-ಗ್ಲೈಕೊಪ್ರೋಟೀನ್ ಎಂಬ ಒಂದು ಪಂಪು ಇರುತ್ತದೆ. ತೂತು ಬಿದ್ದ ದೋಣಿಯಲ್ಲಿ ಕೂತವನು ನೀರನ್ನು ಮೊಗೆಮೊಗೆದು ಹೊರಗೆ ಚೆಲ್ಲುವ ಹಾಗೆ ಅದು ಒಳಬಂದ ಈ ಔಷಧಗಳನ್ನು ಹೊರಗೆ ಹಾಕುತ್ತದೆ. ಔಷಧ ಒಳಗೆ ನಿಲ್ಲುವುದೇ ಇಲ್ಲ. ಅಡ್ಡಪರಿಣಾಮ ಮಾತ್ರ ರೋಗಿಗೆ, ಕ್ಯಾನ್ಸರ್ ಹಾಗೇ.

ದಾರಿ ತೆರೆದದ್ದು ಅಸ್ಪಾರಜಿನೇಸ್ ಎಂಬ ಔಷಧ. ಮಕ್ಕಳ ರಕ್ತದ ಕ್ಯಾನ್ಸರ್‌ನಲ್ಲಿ ಎಷ್ಟೋ ವರ್ಷಗಳಿಂದ ಇದನ್ನು ಬಳಸುತ್ತಿದ್ದರು. ಇದು ಕೆಲಸ ಮಾಡುವ ರೀತಿಯೇ ಬೇರೆ. ಪ್ರತಿ ಕಣಕ್ಕೂ ಪ್ರೋಟೀನ್ ಕಟ್ಟಲು ಅಸ್ಪಾರಜಿನ್ ಎಂಬ ಅಮೈನೊ ಆಮ್ಲ ಬೇಕು. ನಮ್ಮ ಸಾಮಾನ್ಯ ಕಣಗಳು ಅದನ್ನು ತಾವೇ ತಯಾರಿಸಿಕೊಳ್ಳುತ್ತವೆ. ಎನ್‌ಕೆ ಲಿಂಫೋಮಾದ ಕಣಗಳಿಗೆ ಆ ಶಕ್ತಿ ತೀರಾ ಕಡಿಮೆ. ರಕ್ತದಲ್ಲಿ ತೇಲಿಬರುವ ಅಸ್ಪಾರಜಿನ್ ಅನ್ನೇ ನಂಬಿಕೊಂಡಿರುತ್ತವೆ. ಅಸ್ಪಾರಜಿನೇಸ್ ಚುಚ್ಚಿದಾಗ ರಕ್ತದಲ್ಲಿರುವ ಅಸ್ಪಾರಜಿನ್ ಒಡೆದುಹೋಗುತ್ತದೆ. ಬೇರೆ ಕಣಗಳು ಹೇಗೋ ನಿಭಾಯಿಸುತ್ತವೆ, ಕ್ಯಾನ್ಸರ್ ಕಣಗಳು ಹಸಿವಿನಿಂದ ಸಾಯುತ್ತವೆ. ಇಲ್ಲಿ ಪಂಪಿನ ಆಟ ನಡೆಯುವುದಿಲ್ಲ. ಔಷಧ ಕಣದೊಳಗೆ ಹೋಗಬೇಕಾದ ಅಗತ್ಯವೇ ಇಲ್ಲವಲ್ಲ.

ಇದರ ಸುತ್ತ ಕಟ್ಟಿದ ಚಿಕಿತ್ಸೆಗಳಲ್ಲಿ ಹೆಸರಾದದ್ದು ಸ್ಮೈಲ್. ಅದರಲ್ಲಿ ಅಸ್ಪಾರಜಿನೇಸ್ ಜೊತೆ ಡೆಕ್ಸಾಮೆಥಸೋನ್, ಮೆಥೊಟ್ರೆಕ್ಸೇಟ್, ಐಫಾಸ್ಫಮೈಡ್, ಎಟೊಪೊಸೈಡ್ ಇರುತ್ತವೆ. 2011ರಲ್ಲಿ ಪ್ರಕಟವಾದ ಪೂರ್ವ ಏಷ್ಯಾದ ಅಧ್ಯಯನದಲ್ಲಿ, ಕಾಯಿಲೆ ಹರಡಿದ್ದ ಅಥವಾ ಮರುಕಳಿಸಿದ್ದ 38 ಮಂದಿಗೆ ಇದನ್ನು ಕೊಟ್ಟರು. ನೂರಕ್ಕೆ 79ರಷ್ಟು ಮಂದಿಯಲ್ಲಿ ಗಡ್ಡೆ ಕರಗಿತು ಅಥವಾ ಬಹಳ ಕುಗ್ಗಿತು. ನೂರಕ್ಕೆ 45ರಷ್ಟು ಮಂದಿಯಲ್ಲಿ ಪೂರ್ತಿ ಮಾಯವಾಯಿತು. ಅದಕ್ಕೂ ಮೊದಲು ಇಂಥ ರೋಗಿಗಳಿಗೆ ಕೊಡಲು ನಮ್ಮ ಹತ್ತಿರ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಸ್ಮೈಲ್ ಮೈಗೆ ಭಾರೀ ಹೊರೆ, ಬಿಳಿ ರಕ್ತಕಣ ತಳ ಸೇರುತ್ತವೆ, ಅದರಿಂದ ಜೀವಕ್ಕೆ ಅಪಾಯ ಆದದ್ದೂ ಇದೆ. ಅದಕ್ಕೇ ಈಗ ಸ್ವಲ್ಪ ಹಗುರವಾದ ಪಿ-ಜೆಮಾಕ್ಸ್ ಅಥವಾ ಡಿಡಿಜಿಪಿ ಎಂಬ ಜೋಡಣೆಗಳನ್ನೂ ಬಳಸುತ್ತಾರೆ. ಇವೆರಡರಲ್ಲೂ ಪೆಗ್‌ಅಸ್ಪಾರ್‌ಗೇಸ್, ಅಂದರೆ ಮೈಯಲ್ಲಿ ಹೆಚ್ಚು ದಿನ ನಿಲ್ಲುವ ಅಸ್ಪಾರಜಿನೇಸ್ ಇದೆ.

ಹಾಗಾದರೆ ನೀವು ಕೇಳಬೇಕಾದ ಪ್ರಶ್ನೆ ಇದು: 'ಅಣ್ಣನಿಗೆ ಕೊಡುವ ಕೀಮೋದಲ್ಲಿ ಅಸ್ಪಾರಜಿನೇಸ್ ಇದೆಯಾ? ಇಲ್ಲದಿದ್ದರೆ ಯಾಕೆ?' ಇಲ್ಲದಿರುವುದಕ್ಕೆ ಒಳ್ಳೆಯ ಕಾರಣ ಇರಬಹುದು. ಜಪಾನಿನಲ್ಲಿ ಮೂಗಿಗೆ ಸೀಮಿತವಾದ ಕಾಯಿಲೆಗೆ ರೇಡಿಯೇಶನ್ ಜೊತೆಜೊತೆಗೇ ಡಿವಿಕ್ ಎಂಬ ಕೀಮೋ ಕೊಡುತ್ತಾರೆ. ಅದರಲ್ಲಿ ಅಸ್ಪಾರಜಿನೇಸ್ ಇಲ್ಲ. ಆದರೆ ಆ ಪಂಪು ಹೊರಹಾಕಲಾಗದ ಔಷಧಗಳಿವೆ, ಫಲವೂ ಚೆನ್ನಾಗಿದೆ. ಆದರೆ ಯಾರಾದರೂ ಬರೀ ಚಾಪ್ ಕೊಡುತ್ತೇವೆ ಎಂದರೆ ದಯವಿಟ್ಟು ಅಲ್ಲೇ ನಿಲ್ಲಿಸಿ, ಈ ಕಾಯಿಲೆಯನ್ನು ನೋಡಿರುವ ರಕ್ತ ಕ್ಯಾನ್ಸರ್ ತಜ್ಞರ ಎರಡನೇ ಅಭಿಪ್ರಾಯ ತೆಗೆದುಕೊಳ್ಳಿ. ಈ ಇಡೀ ಉತ್ತರದಲ್ಲಿ ನಾನು ಅತಿ ಹೆಚ್ಚು ಒತ್ತಿ ಹೇಳುವ ಮಾತು ಇದೇ.

ರೇಡಿಯೇಶನ್ ಕೂಡ ಅಷ್ಟೇ ಮುಖ್ಯ. ಕೀಮೋ ಚೆನ್ನಾಗಿ ಹಿಡಿದಿದೆ, ಗಡ್ಡೆ ಕಾಣುತ್ತಿಲ್ಲ, ಇನ್ನು ರೇಡಿಯೇಶನ್ ಯಾಕೆ ಎಂದು ಎಷ್ಟೋ ಮನೆಯವರು ಕೇಳುತ್ತಾರೆ. ಬಿಡಬೇಡಿ. ಕಾಯಿಲೆ ಮೂಗಿನ ಸುತ್ತ ಮಾತ್ರ ಇರುವಾಗ ಗುಣವಾಗುವುದರಲ್ಲಿ ರೇಡಿಯೇಶನ್‌ದೇ ದೊಡ್ಡ ಪಾಲು. ಸಾಮಾನ್ಯವಾಗಿ ಒಟ್ಟು 50ರಿಂದ 56 ಗ್ರೇ (ರೇಡಿಯೇಶನ್ ಡೋಸ್ ಅಳೆಯುವ ಮಾನ) ಕೊಡುತ್ತಾರೆ. ದಿನಕ್ಕೆ 1.8ರಿಂದ 2 ಗ್ರೇಯಂತೆ, ವಾರಕ್ಕೆ ಐದು ದಿನ, ಐದಾರು ವಾರ. ಗಡ್ಡೆ ಇರುವ ಜಾಗಕ್ಕೆ ಮಾತ್ರವಲ್ಲ, ಇಡೀ ಮೂಗಿನ ಕುಹರ, ಪಕ್ಕದ ಸೈನಸ್‌ಗಳು, ಅಂಗುಳು ಎಲ್ಲಕ್ಕೂ ಬೀಳುವ ಹಾಗೆ ನಕ್ಷೆ ಹಾಕುತ್ತಾರೆ. ಡೋಸ್ ಕಡಿಮೆಯಾದರೆ ಅಥವಾ ಜಾಗ ತೀರಾ ಚಿಕ್ಕದಾದರೆ ಅದೇ ಜಾಗದಲ್ಲಿ ಕಾಯಿಲೆ ಮತ್ತೆ ಬರುವುದು ಜಾಸ್ತಿ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಪೂರ್ತಿ ಉತ್ತರ ಕೊಡಬಹುದು. ಈ ಕಣಗಳು ರಕ್ತನಾಳಗಳ ಜಾಡು ಹಿಡಿದು ಲೋಳೆಪೊರೆಯಡಿ ಹರಡಿರುತ್ತವೆ. ಕಣ್ಣಿಗೆ ಕಾಣುವ ಗಡ್ಡೆಯ ಅಂಚು ನಿಜವಾದ ಅಂಚಲ್ಲ. ಕಾಣುವಷ್ಟನ್ನೂ ಕತ್ತರಿಸಿದರೆ ಮುಖ ವಿರೂಪವಾಗುತ್ತದೆ, ಕಾಯಿಲೆ ಉಳಿಯುತ್ತದೆ. ದೊಡ್ಡ ಗಾಯ ಮಾಯುವ ತನಕ ಕೀಮೋ, ರೇಡಿಯೇಶನ್ ಶುರು ಮಾಡಲಾಗದೆ ವಾರಗಳು ವ್ಯರ್ಥವಾಗುತ್ತವೆ. ಇಷ್ಟು ವೇಗದ ಕಾಯಿಲೆಯಲ್ಲಿ ಆ ವಾರಗಳು ಬಹಳ ಬೆಲೆಯುಳ್ಳವು. ಇಎನ್‌ಟಿ ವೈದ್ಯರ ಕೆಲಸ ಇಲ್ಲಿ ಬಯಾಪ್ಸಿ, ರಕ್ತ ನಿಲ್ಲಿಸುವುದು, ಮೂಗು ಶುಚಿ ಮಾಡುವುದು, ಆಮೇಲೆ ಎಂಡೋಸ್ಕೋಪಿಯಲ್ಲಿ ನೋಡುತ್ತಿರುವುದು.

ಚಿಕಿತ್ಸೆ ಶುರುವಾಗುವ ಮೊದಲು ಕಾಯಿಲೆ ಎಲ್ಲಿಯವರೆಗೆ ಹೋಗಿದೆ ಎಂದು ತಿಳಿಯಬೇಕು. ಪೆಟ್-ಸಿಟಿ ಸ್ಕ್ಯಾನ್, ಮುಖದ ಎಂಆರ್‌ಐ, ಮೂಳೆಮಜ್ಜೆಯ ಪರೀಕ್ಷೆ ಮಾಡುತ್ತಾರೆ. ಇವುಗಳ ಜೊತೆ ರಕ್ತದ ಪ್ಲಾಸ್ಮಾದಲ್ಲಿ ಇಬಿವಿ ಡಿಎನ್‌ಎ ಎಷ್ಟಿದೆ ಎಂದು ನೋಡುವ ಪರೀಕ್ಷೆಯನ್ನು ತಪ್ಪದೆ ಮಾಡಿಸಿ. ಸಾಯುತ್ತಿರುವ ಕ್ಯಾನ್ಸರ್ ಕಣಗಳಿಂದ ಈ ಡಿಎನ್‌ಎ ರಕ್ತಕ್ಕೆ ಸೇರುತ್ತಿರುತ್ತದೆ. ಮೊದಲೇ ಒಂದು ಅಂಕಿ ಕೈಯಲ್ಲಿದ್ದರೆ, ಚಿಕಿತ್ಸೆ ನಡೆಯುವಾಗ ಅದು ಇಳಿಯುತ್ತಿದೆಯಾ ಎಂದು ಹೋಲಿಸಿ ನೋಡಬಹುದು. ಕೊನೆಯಲ್ಲಿ ಪೂರ್ತಿ ಮಾಯವಾದರೆ ಒಳ್ಳೆಯ ಸೂಚನೆ. ಇಳಿದದ್ದು ಮತ್ತೆ ಏರಿದರೆ ಸ್ಕ್ಯಾನ್‌ನಲ್ಲಿ ಕಾಣುವ ಮೊದಲೇ ಎಚ್ಚರ ಸಿಗಬಹುದು. ಹೆಪಟೈಟಿಸ್ ಬಿ ಪರೀಕ್ಷೆಯೂ ಆಗಿರಲಿ. ಆ ವೈರಸ್ ಒಳಗೆ ಸುಮ್ಮನಿದ್ದರೂ ಕೀಮೋ ಹೊತ್ತಿನಲ್ಲಿ ಎದ್ದು ಲಿವರ್ ಹಾಳು ಮಾಡಬಲ್ಲದು, ಮುಂಚೆ ಗೊತ್ತಿದ್ದರೆ ಮಾತ್ರೆ ಕೊಟ್ಟು ತಡೆಯಬಹುದು. ಮುಂದೆ ಮಕ್ಕಳು ಬೇಕೆಂದಿದ್ದರೆ ವೀರ್ಯ ಕಾಪಿಡುವ ಬಗ್ಗೆ ಕೀಮೋಗೆ ಮೊದಲೇ ಕೇಳಿ, ಆಮೇಲೆ ತಡವಾಗುತ್ತದೆ.

ಅಂಗುಳಿನಲ್ಲಿ ತೂತು ಬಿದ್ದಿದೆ ಎಂದ ಮಾತ್ರಕ್ಕೆ ನಾಲ್ಕನೇ ಹಂತ ಎಂದುಕೊಳ್ಳಬೇಡಿ. ಇದನ್ನು ತಪ್ಪಾಗಿ ತಿಳಿದು ಆಸೆ ಬಿಟ್ಟವರು ಎಷ್ಟೋ ಮಂದಿ. ಮೂಗಿನ ಪಕ್ಕದ ಮೂಳೆ, ಅಂಗುಳು, ಚರ್ಮಕ್ಕೆ ತಾಗಿದ್ದರೂ ಅದು ಅದೇ ಜಾಗದ ಕಾಯಿಲೆಯೇ. ಹಾಗೆ ತಾಗದವರಿಗಿಂತ ಸ್ವಲ್ಪ ಗಟ್ಟಿ ಚಿಕಿತ್ಸೆ ಬೇಕು, ಅಷ್ಟೇ. ಚರ್ಮದ ಬೇರೆ ಭಾಗ, ಕರುಳು, ವೃಷಣ, ಮೂಳೆಮಜ್ಜೆ ಇಂಥ ದೂರದ ಕಡೆ ಹೋಗಿದ್ದರೆ ಅದು ಮುಂದುವರಿದ ಹಂತ. ಮೂಗಿನಲ್ಲಿ ಶುರುವಾದವರಲ್ಲಿ ಹೆಚ್ಚಿನವರಿಗೆ ಪತ್ತೆಯಾಗುವಾಗ ಕಾಯಿಲೆ ಒಂದು ಅಥವಾ ಎರಡನೇ ಹಂತದಲ್ಲೇ ಇರುತ್ತದೆ.

ಬದುಕುವ ಸಾಧ್ಯತೆ ಎಷ್ಟು ಎಂದು ಕೇಳಿದ್ದೀರಿ, ಮುಚ್ಚಿಡದೆ ಹೇಳುತ್ತೇನೆ. ಮೂಗಿನ ಸುತ್ತಮುತ್ತ ಮಾತ್ರ ಇದ್ದ ರೋಗಿಗಳಿಗೆ ಜಪಾನಿನ ಅಧ್ಯಯನವೊಂದರಲ್ಲಿ ರೇಡಿಯೇಶನ್ ಮತ್ತು ಡಿವಿಕ್ ಒಟ್ಟಿಗೆ ಕೊಟ್ಟಾಗ, ಐದು ವರ್ಷದ ನಂತರ ನೂರಕ್ಕೆ 70ರಷ್ಟು ಮಂದಿ ಬದುಕಿದ್ದರು. ಅವರಲ್ಲಿ ಬಹುಪಾಲು ಜನರನ್ನು ಗುಣವಾದವರೆಂದೇ ಹೇಳಬಹುದು. ದೂರಕ್ಕೆ ಹರಡಿದ್ದರೆ ಲೆಕ್ಕ ಕಷ್ಟದ್ದು. ಅಸ್ಪಾರಜಿನೇಸ್ ಬಂದ ಮೇಲೆ ಮೊದಲಿಗಿಂತ ಎಷ್ಟೋ ಮೇಲು, ಆದರೂ ಇನ್ನೂ ಸಾಕಷ್ಟು ಮಂದಿಯನ್ನು ಕಳೆದುಕೊಳ್ಳುತ್ತಿದ್ದೇವೆ. 60 ದಾಟಿದ ವಯಸ್ಸು, ಮುಂದುವರಿದ ಹಂತ, ದೂರದ ಗ್ರಂಥಿಗಳಿಗೆ ಹರಡಿರುವುದು, ಮೂಗಿನ ಬದಲು ಬೇರೆ ಕಡೆ ಶುರುವಾಗಿರುವುದು, ರಕ್ತದಲ್ಲಿ ಇಬಿವಿ ಡಿಎನ್‌ಎ ಸಿಗುವುದು, ಇವು ಅಪಾಯ ಹೆಚ್ಚಿಸುವ ಅಂಶಗಳು. ನಿಮ್ಮ ಅಣ್ಣನಿಗೆ ವಯಸ್ಸು ಮತ್ತು ಜಾಗ ಎರಡೂ ಅನುಕೂಲವಾಗಿಯೇ ಇವೆ. ಉಳಿದದ್ದನ್ನು ಸ್ಕ್ಯಾನ್ ಮತ್ತು ರಕ್ತಪರೀಕ್ಷೆ ಹೇಳಬೇಕು.

ಕಾಯಿಲೆ ಮರುಕಳಿಸುವುದಾದರೆ ಹೆಚ್ಚಾಗಿ ಮೊದಲ ಎರಡು ವರ್ಷದಲ್ಲಿ. ಆಗಲೂ ಈಗ ಕೈಯಲ್ಲಿ ಅಸ್ತ್ರ ಇದೆ. ಪೆಂಬ್ರೊಲಿಜುಮಾಬ್ ಥರದ ಇಮ್ಯುನೋಥೆರಪಿ ಔಷಧಗಳು ನಮ್ಮದೇ ರೋಗನಿರೋಧಕ ಕಣಗಳ ಮೇಲಿನ ತಡೆಯನ್ನು ಬಿಚ್ಚುತ್ತವೆ. 2017ರಲ್ಲಿ ಪ್ರಕಟವಾದ ವರದಿಯಲ್ಲಿ ಅಸ್ಪಾರಜಿನೇಸ್‌ಗೂ ಬಗ್ಗದೆ ಮರಳಿದ್ದ 7 ಮಂದಿಗೆ ಇದನ್ನು ಕೊಟ್ಟಾಗ ಎಲ್ಲರಲ್ಲೂ ಫಲ ಕಂಡಿತು, 5 ಮಂದಿಯಲ್ಲಿ ಗಡ್ಡೆ ಪೂರ್ತಿ ಹೋಯಿತು. ಸಂಖ್ಯೆ ಚಿಕ್ಕದು, ಎಲ್ಲರಿಗೂ ಹೀಗೇ ಆಗುತ್ತದೆ ಎಂದು ಭರವಸೆ ಕೊಡಲಾರೆ. ಕೆಲವರಿಗೆ ಬೋನ್ ಮ್ಯಾರೋ ಕಸಿಯ ದಾರಿಯೂ ಇದೆ.

ಇನ್ನು ಮನೆಯಲ್ಲಿ ನೋಡಿಕೊಳ್ಳುವ ವಿಚಾರ. ಕೀಮೋ ನಡೆಯುವಾಗ ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ. ಜ್ವರದ ಮಾತ್ರೆ ನುಂಗಿಸಿ ಮಲಗಿಸಲೂ ಬೇಡಿ. ಆಗಲೇ ಆಸ್ಪತ್ರೆಗೆ ಹೋಗಿ. ಅಸ್ಪಾರಜಿನೇಸ್ ಕೊಟ್ಟ ಮೇಲೆ ಬೆನ್ನಿಗೆ ಹೊಡೆಯುವಂಥ ಹೊಟ್ಟೆನೋವು ಮತ್ತು ವಾಂತಿ ಬಂದರೆ ಮೇದೋಜೀರಕ ಗ್ರಂಥಿ ಊದಿರಬಹುದು. ಒಂದು ಕಾಲು ಊದಿಕೊಂಡರೆ, ಉಸಿರು ಕಟ್ಟಿದರೆ, ತಡೆಯಲಾರದ ತಲೆನೋವು ಬಂದರೆ ರಕ್ತ ಹೆಪ್ಪುಗಟ್ಟಿರಬಹುದು. ಇಂಜೆಕ್ಷನ್ ಕೊಟ್ಟ ಹೊತ್ತಿನಲ್ಲಿ ಮೈಯೆಲ್ಲ ತುರಿಕೆ, ಉಸಿರಾಟದ ಕಷ್ಟ ಬಂದರೆ ಅಲರ್ಜಿ. ಸಕ್ಕರೆ ಮಟ್ಟವೂ ಏರಬಹುದು. ಇವನ್ನೆಲ್ಲ ಹೇಳಿ ಹೆದರಿಸುತ್ತಿಲ್ಲ. ಬೇಗ ತಿಳಿದರೆ ಇವುಗಳಲ್ಲಿ ಹೆಚ್ಚಿನದನ್ನು ನಿಭಾಯಿಸಬಹುದು. ಚಿಕಿತ್ಸೆಗೆ ಮೊದಲೇ ಆಗಲಿ, ನಡುವೆ ಆಗಲಿ, ಜ್ವರ ಬಿಡದೆ ಕಾಡಿ ರಕ್ತಕಣ ಎಲ್ಲ ಇಳಿಯುತ್ತಾ ಹೋದರೆ ಹೀಮೊಫ್ಯಾಗೊಸೈಟಿಕ್ ಸಿಂಡ್ರೋಮ್ ಎಂಬ ತೊಡಕು ಇದೆಯಾ ಎಂದು ನೋಡಬೇಕು. ಅದು ಅಪರೂಪ, ಆದರೆ ಗಂಟೆಗಳ ಲೆಕ್ಕದಲ್ಲಿ ಕೆಲಸ ಮಾಡಬೇಕಾದ ಸ್ಥಿತಿ.

ಮೂಗಿನ ಹಕ್ಕಳೆಯನ್ನು ಬೆರಳಿನಿಂದ ಕೀಳಬಾರದು, ರಕ್ತ ನಿಲ್ಲುವುದಿಲ್ಲ. ವೈದ್ಯರು ಹೇಳಿಕೊಟ್ಟ ಹಾಗೆ ಉಪ್ಪುನೀರಿನಿಂದ ತೊಳೆದು ತಾನಾಗಿ ಸಡಿಲವಾಗಲು ಬಿಡಿ. ವಾಸನೆಯೂ ಕಡಿಮೆಯಾಗುತ್ತದೆ. ಅಣ್ಣನಿಗೆ ಆ ವಾಸನೆಯೇ ಎಲ್ಲಕ್ಕಿಂತ ದೊಡ್ಡ ಮುಜುಗರವಾಗಿರಬಹುದು, ಅದನ್ನು ಅವರು ಬಾಯಿ ಬಿಟ್ಟು ಹೇಳುವುದಿಲ್ಲ. ರೇಡಿಯೇಶನ್‌ಗೆ ಮೊದಲು ಹಲ್ಲಿನ ಡಾಕ್ಟರನ್ನು ಕಾಣಿ. ಕೆಟ್ಟ ಹಲ್ಲು ಇದ್ದರೆ ಆಗಲೇ ಕೀಳಿಸಿ ಗಾಯ ಒಣಗಬೇಕು. ರೇಡಿಯೇಶನ್ ಆದ ದವಡೆಯಲ್ಲಿ ಆಮೇಲೆ ಹಲ್ಲು ಕೀಳಿಸಿದರೆ ಮೂಳೆ ಮಾಯದೆ ಉಳಿಯಬಹುದು. ರೇಡಿಯೇಶನ್ ನಡೆಯುವಾಗ ಬಾಯಿ ಹುಣ್ಣಾಗುತ್ತದೆ, ರುಚಿ ಮತ್ತು ವಾಸನೆ ಹೋಗುತ್ತದೆ, ಬಾಯಿ ಒಣಗುತ್ತದೆ. ರುಚಿ ಬಹಳಷ್ಟು ಮರಳಿ ಬರುತ್ತದೆ. ವಾಸನೆ ಎಲ್ಲರಿಗೂ ಪೂರ್ತಿ ಬರುವುದಿಲ್ಲ. ಕಣ್ಣಿನ ಹತ್ತಿರ ರೇಡಿಯೇಶನ್ ಬಿದ್ದಿದ್ದರೆ ಕೆಲವು ವರ್ಷಗಳ ಮೇಲೆ ಪೊರೆ ಬರಬಹುದು, ಅದನ್ನು ಆಪರೇಷನ್‌ನಿಂದ ಸರಿಪಡಿಸಬಹುದು.

ಕೊನೆಗೆ ಅಂಗುಳಿನ ತೂತು. ತಾನಾಗಿ ಮುಚ್ಚುವುದು ಕಷ್ಟ. ಕ್ಯಾನ್ಸರ್ ಕರಗಿದಾಗ ಅದು ಇದ್ದ ಜಾಗ ಖಾಲಿಯಾಗುತ್ತದೆ, ಹಾಗಾಗಿ ಚಿಕಿತ್ಸೆ ಫಲ ಕೊಡುತ್ತಿರುವಾಗಲೇ ತೂತು ಸ್ವಲ್ಪ ದೊಡ್ಡದಾದ ಹಾಗೆ ಕಾಣಬಹುದು. ಅದನ್ನು ನೋಡಿ ಕಾಯಿಲೆ ಹೆಚ್ಚಾಯಿತು ಎಂದು ಗಾಬರಿಯಾಗಬೇಡಿ, ವೈದ್ಯರನ್ನು ಕೇಳಿ. ಈಗಲೇ ಹೊಲಿದು ಮುಚ್ಚುವ ಪ್ರಯತ್ನ ಬೇಡ. ಸುತ್ತಲಿನ ಅಂಗಾಂಶಕ್ಕೆ ರಕ್ತ ಸರಿಯಾಗಿ ಬರುತ್ತಿಲ್ಲ, ಹೊಲಿಗೆ ನಿಲ್ಲುವುದಿಲ್ಲ. ಇದಕ್ಕೆ ಈಗಲೇ ಮಾಡಬಹುದಾದ ಕೆಲಸ ಬೇರೆ ಇದೆ. ಕೃತಕ ಹಲ್ಲು ಕಟ್ಟುವ ಪ್ರಾಸ್ಥೊಡಾಂಟಿಸ್ಟ್ ಬಳಿ ಹೋದರೆ ಬಾಯಿಯ ಅಚ್ಚು ತೆಗೆದು ಆಬ್ಚುರೇಟರ್ ಎಂಬ ತಟ್ಟೆ ಮಾಡಿಕೊಡುತ್ತಾರೆ. ಹಲ್ಲಿನ ಸೆಟ್‌ನ ಹಾಗೆ ಹಾಕಿ ತೆಗೆಯುವಂಥದ್ದು. ಹಾಕಿಕೊಂಡರೆ ತೂತು ಮುಚ್ಚುತ್ತದೆ. ನೀರು ಮೂಗಿಗೆ ಏರುವುದು ನಿಲ್ಲುತ್ತದೆ, ಮೂಗಿನಲ್ಲಿ ಬರುತ್ತಿದ್ದ ಮಾತು ಮತ್ತೆ ಬಾಯಿಂದ ಬರುತ್ತದೆ. ಬಾಯಿಯ ಆಕಾರ ಬದಲಾದ ಹಾಗೆ ಅದನ್ನು ಮತ್ತೆ ಹೊಂದಿಸಿಕೊಡುತ್ತಾರೆ. ಊಟದ ಮೇಲೆ ಪ್ರತಿ ಸಲ ತೆಗೆದು ತೊಳೆಯಬೇಕು, ಬಾಯಿ ಹುಣ್ಣು ಜಾಸ್ತಿಯಾದ ದಿನಗಳಲ್ಲಿ ಸ್ವಲ್ಪ ಹೊತ್ತು ತೆಗೆದಿಡಬೇಕಾದೀತು. ತಟ್ಟೆ ಸಿಗುವ ತನಕ ತೆಳ್ಳನೆಯ ನೀರಿಗಿಂತ ಗಟ್ಟಿಯಾದ ಗಂಜಿಯಂಥ ಆಹಾರ ಸುಲಭ. ಅಣ್ಣ ನೆಟ್ಟಗೆ ಕೂತು ಒಂದೊಂದೇ ಚಮಚ ನುಂಗಲಿ. ಚಿಕಿತ್ಸೆ ಮುಗಿದು, ಕಾಯಿಲೆ ಮರಳಿಲ್ಲ ಎಂದು ಸಾಕಷ್ಟು ಕಾಲ ನೋಡಿದ ಮೇಲೆ, ಮೈಯ ಬೇರೆ ಕಡೆಯಿಂದ ರಕ್ತನಾಳದ ಸಮೇತ ಅಂಗಾಂಶ ತಂದು ಅಂಗುಳನ್ನು ಕಾಯಂ ಆಗಿ ಕಟ್ಟುವ ಆಪರೇಷನ್ ಮಾಡಬಹುದು. ತಟ್ಟೆಯೇ ಸಾಕು ಎಂದು ಆಪರೇಷನ್ ಬೇಡವೆನ್ನುವವರೂ ಇದ್ದಾರೆ. ಆ ತೀರ್ಮಾನ ಅಣ್ಣನಿಗೆ ಬಿಟ್ಟದ್ದು, ಅದಕ್ಕೆ ಈಗ ಅವಸರವಿಲ್ಲ. ತಟ್ಟೆಯ ಅಚ್ಚಿಗೆ ಮಾತ್ರ ಈ ವಾರವೇ ಹೋಗಿ ಬನ್ನಿ, ಕೀಮೋಗೆ ಮುಂಚೆ ಹೊಟ್ಟೆ ತುಂಬ ಊಟ ಸೇರುವ ಹಾಗಾದರೆ ಚಿಕಿತ್ಸೆ ತಡೆದುಕೊಳ್ಳಲು ಅವರಿಗೆ ಬಲ ಬರುತ್ತದೆ.